ವಠಾರಕ್ಕೂ ಒಂದು ಜಾತಕ ಬೇಕು

ಅರಮನೆಗೆ ಚರಿತ್ರೆ ಇದೆ, ಕೋಟೆಗೆ ಚರಿತ್ರೆ ಇದೆ, ದೇವಾಲಯಕ್ಕಂತೂ ಶಾಸನವೇ ಇದೆ. ಆದರೆ ಎಂಟು ಹತ್ತು ಸಂಸಾರಗಳು ಒಂದೇ ಹೆಬ್ಬಾಗಿಲು, ಒಂದೇ ಅಂಗಳ, ಒಂದೇ ನಲ್ಲಿಯನ್ನು ಹಂಚಿಕೊಂಡು ತಲೆಮಾರುಗಟ್ಟಲೆ ಬಾಳಿದ ಇಟ್ಟಿಗೆಯ ವಠಾರಕ್ಕೆ ಏನಿದೆ? ನಗರಪಾಲಿಕೆಯ ಖಾತೆಯಲ್ಲಿ ಒಂದು ಸಂಖ್ಯೆ, ಮಾಲೀಕರ ಪೆಟ್ಟಿಗೆಯಲ್ಲಿ ಒಂದು ಕ್ರಯಪತ್ರ, ಅಷ್ಟೆ. ಕಟ್ಟಡ ಉರುಳಿದ ಮರುದಿನ ಆ ಸಂಖ್ಯೆಯೂ ಹೊಸ ಕಟ್ಟಡದ ಪಾಲಾಗುತ್ತದೆ.

ಬೆಂಗಳೂರಿನ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ಇಂಥ ವಠಾರಗಳು ಇಂದಿಗೂ ಅಲ್ಲೊಂದು ಇಲ್ಲೊಂದು ಉಳಿದಿವೆ. ಉಳಿದವುಗಳ ನಕ್ಷೆ ತೆಗೆದು, ಅಳತೆ ಹಿಡಿದು, ಛಾಯಾಚಿತ್ರ ತೆಗೆದು, ಅಲ್ಲಿ ಬಾಳಿದವರ ಮಾತನ್ನು ಬರೆದಿಡುವ ಕೆಲಸಕ್ಕೆ ವಾಸ್ತುಶಿಲ್ಪಿಗಳು ‘ದಾಖಲೀಕರಣ’ ಎನ್ನುತ್ತಾರೆ. ಕಟ್ಟಡವನ್ನು ಉಳಿಸುವುದಕ್ಕೂ ಅದನ್ನು ದಾಖಲಿಸುವುದಕ್ಕೂ ಏನು ಸಂಬಂಧ? ಬೀಳುವ ಮನೆಯ ಚಿತ್ರ ಬರೆದು ಏನು ಪ್ರಯೋಜನ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾದರೆ ವಠಾರ ಹುಟ್ಟಿದ ಕಾಲಕ್ಕೆ ಹೋಗಬೇಕು.

ಪೇಟೆಯಿಂದ ಬಡಾವಣೆಗೆ

ಕೋಟೆಯ ಪಕ್ಕದ ಹಳೆಯ ಪೇಟೆ ಕಿಕ್ಕಿರಿದಾಗ ಅದರ ಹೊರಗೆ ಯೋಜನೆಯಂತೆ ರೂಪುಗೊಂಡ ಮೊದಲ ಬಡಾವಣೆ ಚಾಮರಾಜಪೇಟೆ. ಅದು ಆರಂಭವಾದದ್ದು 1892ರಲ್ಲಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಕಾಲಿಟ್ಟಿತು. ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ಓಣಿಗಳನ್ನು ಬಿಟ್ಟು ಜನ ಹೊರಬರಬೇಕಾಯಿತು. ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಈ ಭೀತಿಯ ಬೆನ್ನಿಗೆ. ನೇರವಾದ ರಸ್ತೆ, ಮನೆಯ ಹಿಂದೆ ಕಸ ಸಾಗಿಸುವ ಓಣಿ, ನಿವೇಶನದ ಸುತ್ತ ಒಂದಿಷ್ಟು ಬಯಲು: ಇದು ಆ ಕಾಲದ ಆರೋಗ್ಯ ಶಾಸ್ತ್ರ.

ಆದರೆ ಎಲ್ಲರೂ ನಿವೇಶನ ಕೊಳ್ಳಬಲ್ಲವರೇ? 1884ರಲ್ಲಿ ಆರಂಭವಾದ, ಮುಂದೆ ‘ಬಿನ್ನಿ ಮಿಲ್’ ಎಂದೇ ಜನಜನಿತವಾದ ಬಟ್ಟೆ ಗಿರಣಿಯ ಕೆಲಸಗಾರರಿದ್ದರು. ಸರ್ಕಾರಿ ಕಚೇರಿಯ ಗುಮಾಸ್ತರಿದ್ದರು, ಶಾಲೆಯ ಮೇಷ್ಟರಿದ್ದರು, ಓದಲು ಬಂದ ಹಳ್ಳಿಯ ಹುಡುಗರಿದ್ದರು. ಇವರಿಗೆ ಬೇಕಾದದ್ದು ಬಾಡಿಗೆಯ ಮನೆ. ನಿವೇಶನ ಕೊಂಡವರಿಗೆ ಬೇಕಾದದ್ದು ತಿಂಗಳ ವರಮಾನ. ಈ ಎರಡು ಅಗತ್ಯಗಳು ಕೂಡಿದ ಕಡೆ ವಠಾರ ಎದ್ದಿತು. ಮುಂಬಯಿಯಲ್ಲಿ ಗಿರಣಿ ಕಾರ್ಮಿಕರಿಗೆ ಅಂತಸ್ತುಗಳ ಚಾಳ್ ಬಂದರೆ, ಬೆಂಗಳೂರಿನಲ್ಲಿ ನೆಲಕ್ಕಂಟಿದ ವಠಾರ ಬಂತು.

ಅದರ ವಿನ್ಯಾಸ ಸರಳ. ರಸ್ತೆಗೆ ಮುಖಮಾಡಿ ಮಾಲೀಕರ ಮನೆ. ಪಕ್ಕದಲ್ಲಿ ಒಂದು ಓಣಿ ಅಥವಾ ಹೆಬ್ಬಾಗಿಲು. ಒಳಗೆ ಹೋದರೆ ಉದ್ದನೆಯ ಅಂಗಳ, ಅದರ ಒಂದು ಬದಿಗೋ ಎರಡೂ ಬದಿಗೋ ಸಾಲುಮನೆಗಳು. ಪ್ರತಿ ಮನೆಗೆ ಮುಂದೆ ಕಿರಿದಾದ ಜಗುಲಿ, ನಡುಮನೆ, ಅಡುಗೆಮನೆ. ಕೊನೆಯಲ್ಲಿ ಎಲ್ಲರಿಗೂ ಸೇರಿದ ಬಚ್ಚಲು, ಪಾಯಿಖಾನೆ, ಬಟ್ಟೆ ಒಗೆಯುವ ಕಲ್ಲು. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಇರುವುದು ಒಂದೇ ಗೋಡೆ. ಈ ಮನೆಯ ಒಗ್ಗರಣೆ ಆ ಮನೆಗೆ ತಿಳಿಯುತ್ತಿತ್ತು, ಆ ಮನೆಯ ಜಗಳ ಈ ಮನೆಗೆ ಕೇಳುತ್ತಿತ್ತು.

ಗೋಡೆ ಹೇಳುವ ಕಾಲ

ವಠಾರಕ್ಕೆ ಶಾಸನವಿಲ್ಲದಿದ್ದರೂ ಅದರ ವಯಸ್ಸನ್ನು ಕಂಡುಹಿಡಿಯಬಹುದು. ಗೋಡೆಯೇ ಸಾಕ್ಷಿ. ತಳಪಾಯಕ್ಕೆ ಕಗ್ಗಲ್ಲು, ಮೇಲೆ ಕೆರೆಯ ಜೇಡಿಮಣ್ಣಿನ ಸುಟ್ಟ ಇಟ್ಟಿಗೆ, ನಡುವೆ ಸುಣ್ಣ ಮರಳಿನ ಗಾರೆ. ಕೆಲವು ಕಡೆ ಗಾರೆಗೆ ಇಟ್ಟಿಗೆಯ ಪುಡಿ, ಅಂದರೆ ಸುರ್ಕಿ ಬೆರೆಸುತ್ತಿದ್ದರು. ಇಂದಿನ ಪ್ರಮಾಣಿತ ಇಟ್ಟಿಗೆ 19 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಅಗಲ, 9 ಸೆಂಟಿಮೀಟರ್ ಎತ್ತರ. ಕೈಯಚ್ಚಿನ ಹಳೆಯ ಇಟ್ಟಿಗೆ ಈ ಲೆಕ್ಕಕ್ಕೆ ಸಿಗುವುದಿಲ್ಲ. ಒಂದೊಂದು ಗೂಡಿನದು ಒಂದೊಂದು ಅಳತೆ. ಆದ್ದರಿಂದ ದಾಖಲಿಸುವವರು ಒಂದು ಇಟ್ಟಿಗೆಯನ್ನು ಅಳೆದು ಬಿಡುವುದಿಲ್ಲ. ಹಲವು ವರಸೆಗಳನ್ನು ಗಾರೆ ಸಹಿತ ಒಟ್ಟಿಗೆ ಅಳೆದು ಸರಾಸರಿ ತೆಗೆಯುತ್ತಾರೆ. ಒಂದೇ ವಠಾರದ ಎರಡು ಗೋಡೆಗಳಲ್ಲಿ ಈ ಲೆಕ್ಕ ಬೇರೆಯಾದರೆ, ಅವೆರಡು ಬೇರೆ ಬೇರೆ ಕಾಲದಲ್ಲಿ ಎದ್ದಿರಬಹುದೆಂಬ ಅನುಮಾನಕ್ಕೆ ದಾರಿಯಾಗುತ್ತದೆ.

ಮಾಡಿನ ಹೆಂಚು ಕೂಡ ಮಾತಾಡುತ್ತದೆ, ಆದರೆ ಅದರ ಮಾತನ್ನು ಎಚ್ಚರಿಕೆಯಿಂದ ಕೇಳಬೇಕು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಆರಂಭವಾದದ್ದು 1865ರಲ್ಲಿ. ಆ ಹೆಂಚುಗಳ ಬೆನ್ನ ಮೇಲೆ 1865 ಎಂಬ ಅಚ್ಚು ಕಂಡ ಕೂಡಲೇ ಮನೆಗೂ ಅಷ್ಟೇ ವಯಸ್ಸೆಂದು ಹಿಗ್ಗುವವರುಂಟು. ಅದು ಕಾರ್ಖಾನೆ ಹುಟ್ಟಿದ ವರ್ಷವೇ ಹೊರತು ಹೆಂಚು ಸುಟ್ಟ ವರ್ಷವಲ್ಲ. ಮೊದಲ ಮಹಾಯುದ್ಧದ ತರುವಾಯ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್‌ನ ಕೈಗೆ ಹೋದವು. ಹೆಂಚಿನ ಮೇಲೆ ಯಾರ ಹೆಸರಿದೆ ಎಂಬುದು ವರ್ಷಕ್ಕಿಂತ ಹೆಚ್ಚು ನಂಬಬಹುದಾದ ಸುಳಿವು. ಅದೂ ಆ ಹೆಂಚು ಮೊದಲಿನಿಂದಲೂ ಅಲ್ಲೇ ಇತ್ತೇ ಅಥವಾ ರಿಪೇರಿಯ ಕಾಲದಲ್ಲಿ ಬಂತೇ ಎಂದು ನೋಡಿದ ಮೇಲೆ.

ನೀರು ಮತ್ತು ವಿದ್ಯುತ್ತು ಇನ್ನೆರಡು ಸಾಕ್ಷಿಗಳು. ಹೆಸರಘಟ್ಟದಿಂದ ಕೊಳವೆಯ ನೀರು ಬೆಂಗಳೂರಿಗೆ ಹರಿದದ್ದು 1896ರಲ್ಲಿ. ಶಿವನಸಮುದ್ರದ ವಿದ್ಯುತ್ತು ನಗರದ ದೀಪ ಬೆಳಗಿಸಿದ್ದು 1905ರಲ್ಲಿ. ಅಂಗಳದಲ್ಲಿ ಬಾವಿಯಿದ್ದು ನಲ್ಲಿ ಮೂಲೆಗೆ ಬಂದಿದ್ದರೆ, ಗೋಡೆಯಲ್ಲಿ ದೀಪದ ಗೂಡಿದ್ದು ವೈರುಗಳು ಅದರ ಪಕ್ಕದಲ್ಲೇ ಮರದ ಪಟ್ಟಿಯ ಮೇಲೆ ಓಡಿದ್ದರೆ, ಮನೆ ಮೊದಲು, ಸೌಕರ್ಯ ಆಮೇಲೆ ಎಂದು ತಿಳಿಯಬಹುದು. ಹೀಗೆ ಒಂದೊಂದೇ ಪದರ ಬಿಡಿಸುತ್ತಾ ಹೋದರೆ ವಠಾರದ ಜಾತಕ ತಾನಾಗಿ ತೆರೆದುಕೊಳ್ಳುತ್ತದೆ.

ಅಳತೆಯ ಪಟ್ಟಿ, ಮಾತಿನ ಪುಸ್ತಕ

ದಾಖಲೀಕರಣಕ್ಕೆ ದುಬಾರಿ ಯಂತ್ರಗಳೇ ಬೇಕೆಂದಿಲ್ಲ. ಇಬ್ಬರು ಹಿಡಿಯುವ ಒಂದು ಟೇಪು, ಒಂದು ತೂಕದ ಗುಂಡು, ನೀರುಮಟ್ಟದ ಕೊಳವೆ, ಕಾಗದ, ಪೆನ್ಸಿಲು ಇದ್ದರೆ ಆರಂಭಿಸಬಹುದು. ಕೋಣೆಯ ನಾಲ್ಕು ಬದಿ ಅಳೆದರೆ ಸಾಲದು, ಮೂಲೆಯಿಂದ ಮೂಲೆಗೆ ಕರ್ಣವನ್ನೂ ಅಳೆಯಬೇಕು. ಹಳೆಯ ಕೋಣೆಗಳು ಕಣ್ಣಿಗೆ ಚೌಕವಾಗಿ ಕಂಡರೂ ಒಂದಿಷ್ಟು ಸೊಟ್ಟಗಿರುವುದು ಸಾಮಾನ್ಯ. ಕರ್ಣವಿಲ್ಲದ ಅಳತೆಯಿಂದ ಬರೆದ ನಕ್ಷೆ ಕೊನೆಗೆ ಕೂಡಿಕೊಳ್ಳುವುದಿಲ್ಲ. ಮೇಲಿನಿಂದ ನೋಡಿದಂತೆ ಒಂದು ನಕ್ಷೆ, ಮುಂದಿನಿಂದ ನೋಡಿದಂತೆ ಒಂದು, ಮನೆಯನ್ನು ಉದ್ದಕ್ಕೆ ಕೊಯ್ದಂತೆ ಒಂದು: ಈ ಮೂರು ನಕ್ಷೆಗಳನ್ನು ಸಾಮಾನ್ಯವಾಗಿ ಐವತ್ತರಲ್ಲಿ ಒಂದು ಪ್ರಮಾಣಕ್ಕೆ ಇಳಿಸುತ್ತಾರೆ. ಗೋಡೆಯ ದಪ್ಪ, ಬಾಗಿಲಿನ ಚೌಕಟ್ಟು, ತೊಲೆಗಳ ಅಂತರ, ಕಿಟಕಿಯ ಸರಳು, ಬಿರುಕು, ನೀರಿಳಿದ ಕಲೆ, ಎಲ್ಲವೂ ಅದರಲ್ಲಿ ಬರಬೇಕು.

ಇದು ಬರೀ ವಿದ್ವಾಂಸರ ಹವ್ಯಾಸವಲ್ಲ. ಸುಣ್ಣದ ಗಾರೆಯ ಗೋಡೆ ತೇವವನ್ನು ಹೀರಿ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ, ಇಟ್ಟಿಗೆ ಪುಡಿಯಾಗತೊಡಗುತ್ತದೆ. ‘ಗಟ್ಟಿ ಮಾಡಿಸಿದೆವು’ ಎಂದುಕೊಂಡ ರಿಪೇರಿಯೇ ಗೋಡೆಯ ಆಯುಸ್ಸು ಕಳೆಯುತ್ತದೆ. ಯಾವ ಗೋಡೆಯಲ್ಲಿ ಯಾವ ಗಾರೆ ಇದೆ ಎಂಬ ದಾಖಲೆ ಮೇಸ್ತ್ರಿಯ ಕೈಯಲ್ಲಿದ್ದರೆ ಈ ತಪ್ಪು ತಪ್ಪುತ್ತದೆ.

ಇಟ್ಟಿಗೆಯಷ್ಟೇ ಮುಖ್ಯವಾದದ್ದು ಮಾತು. ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಬಿಂದಿಗೆಗಳ ಸಾಲು ಹೇಗೆ ನಿಲ್ಲುತ್ತಿತ್ತು, ಹಬ್ಬದ ದಿನ ಹಂಡೆ ಒಲೆಯ ಸರದಿ ಯಾರದು, ಬಾಣಂತಿಗೆ ಯಾರ ಮನೆಯ ಮೂಲೆ ಬಿಡುತ್ತಿದ್ದರು, ಮದುವೆಗೆ ಅಂಗಳ ಹೇಗೆ ಚಪ್ಪರವಾಗುತ್ತಿತ್ತು ಎಂಬುದು ಯಾವ ನಕ್ಷೆಯಲ್ಲೂ ಇರುವುದಿಲ್ಲ. ಹಾಗೆಯೇ ಬರೆಯಲು ಹಿಂಜರಿಯುವ ಸಂಗತಿಗಳೂ ಇವೆ. ಎಷ್ಟೋ ವಠಾರಗಳಲ್ಲಿ ಮನೆ ಸಿಗುತ್ತಿದ್ದುದು ಜಾತಿ ಕೇಳಿದ ಮೇಲೆ. ಪಾಯಿಖಾನೆ ಶುಚಿ ಮಾಡುವವರು ಬಂದು ಹೋಗುತ್ತಿದ್ದುದು ಹಿಂದಿನ ಓಣಿಯಿಂದ. ಆ ಓಣಿಯ ಅಗಲವನ್ನು ಅಳೆದು, ಅದು ಏಕೆ ಇತ್ತೆಂದು ಬರೆಯದಿದ್ದರೆ ದಾಖಲೆ ಅರೆಸತ್ಯವಾಗುತ್ತದೆ. ವಠಾರವನ್ನು ‘ಒಂದೇ ಕುಟುಂಬದಂತೆ ಬಾಳಿದ ಕಾಲ’ ಎಂದು ಕೊಂಡಾಡುವವರು ಬೆಳಗಿನ ಸಾಲಿನಲ್ಲಿ ಕಾದು ನಿಂತ ಹೆಂಗಸರನ್ನೂ ಒಮ್ಮೆ ಕೇಳಬೇಕು.

ಕಾಗದ ಉಳಿಸಿದ ಕಟ್ಟಡಗಳು

ಕಾಗದದ ಮೇಲಿನ ಗೆರೆ ಕಟ್ಟಡವನ್ನು ಉಳಿಸಬಲ್ಲದೇ? ಉಳಿಸಿದ ಉದಾಹರಣೆಗಳಿವೆ. ಲಂಡನ್ನಿನ ಪೂರ್ವಭಾಗದ ಮೈಲ್ ಎಂಡ್‌ನಲ್ಲಿ ವೃದ್ಧ ನಾವಿಕರಿಗೂ ಅವರ ವಿಧವೆಯರಿಗೂ 1695ರಲ್ಲಿ ಕಟ್ಟಿಸಿದ ಇಟ್ಟಿಗೆಯ ಸಾಲುಮನೆಗಳಿವೆ. ನಡುವೆ ಹಸಿರು ಅಂಗಳ, ಎರಡೂ ಬದಿಗೆ ಮನೆಗಳು. ನಮ್ಮ ಕಣ್ಣಿಗೆ ಅದೂ ಒಂದು ವಠಾರವೇ. 1895ರಲ್ಲಿ ಅದನ್ನು ಕೆಡವುವ ಪ್ರಸ್ತಾಪ ಬಂತು. ಅದಕ್ಕೆ ಒಂದು ವರ್ಷ ಹಿಂದೆಯಷ್ಟೇ ಸಿ.ಆರ್. ಆಶ್ಬಿ ಎಂಬ ವಾಸ್ತುಶಿಲ್ಪಿ ನಗರದ ಹಳೆಯ ಕಟ್ಟಡಗಳನ್ನು ಪಟ್ಟಿಮಾಡಲು ಸಮಿತಿ ಕಟ್ಟಿದ್ದ. ಆತ ಮತ್ತು ಜೊತೆಗಾರರು ಆ ಮನೆಗಳ ಪರವಾಗಿ ಹೋರಾಡಿದರು, ಅವುಗಳ ನಕ್ಷೆ ಚರಿತ್ರೆಗಳ ಪುಸ್ತಕವನ್ನು 1896ರಲ್ಲಿ ಹೊರತಂದರು. ಕಟ್ಟಡ ಉಳಿಯಿತು. ಎರಡನೇ ಮಹಾಯುದ್ಧದ ಬಾಂಬಿಗೆ ಒಂದು ಭಾಗ ಹಾಳಾದರೂ ಅದು ಇಂದಿಗೂ ನಿಂತಿದೆ.

ಪೋಲೆಂಡಿನ ವಾರ್ಸಾ ನಗರದ ಕಥೆ ಇನ್ನೂ ದೊಡ್ಡದು. 1944ರಲ್ಲಿ ನಾತ್ಸಿಗಳು ಅಲ್ಲಿನ ಹಳೆಯ ಪಟ್ಟಣವನ್ನು ನೆಲಸಮ ಮಾಡಿದರು. ಆದರೆ ವಾಸ್ತುಶಿಲ್ಪದ ವಿದ್ಯಾರ್ಥಿಗಳೂ ಅಧ್ಯಾಪಕರೂ ಹಿಂದೆಯೇ ತಯಾರಿಸಿದ್ದ ಅಳತೆಯ ನಕ್ಷೆಗಳನ್ನು ಗುಟ್ಟಾಗಿ ಉಳಿಸಲಾಗಿತ್ತು. ಯುದ್ಧ ಮುಗಿದ ಮೇಲೆ ಅವುಗಳ ಮತ್ತು ಹಳೆಯ ವರ್ಣಚಿತ್ರಗಳ ನೆರವಿನಿಂದ ಇಟ್ಟಿಗೆಯ ಮನೆಗಳ ಸಾಲುಗಳು ಮತ್ತೆ ಎದ್ದವು. 1980ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಮೆರಿಕದಲ್ಲಿ 1933ರ ಆರ್ಥಿಕ ಕುಸಿತದ ದಿನಗಳಲ್ಲಿ ಕೆಲಸವಿಲ್ಲದೆ ಕುಳಿತ ವಾಸ್ತುಶಿಲ್ಪಿಗಳಿಗೆ ಸರ್ಕಾರ ಇದೇ ಕೆಲಸ ಕೊಟ್ಟಿತು: ಭವ್ಯ ಸೌಧಗಳ ಜೊತೆಗೆ ಸಾಮಾನ್ಯರ ಮನೆಗಳನ್ನೂ ಅಳೆದು ದಾಖಲಿಸುವುದು. ಆ ನಕ್ಷೆಗಳು ಅಲ್ಲಿನ ಸಂಸತ್ತಿನ ಗ್ರಂಥಾಲಯದಲ್ಲಿ ಯಾರು ಬೇಕಾದರೂ ನೋಡುವಂತೆ ಇವೆ.

ಕಾನೂನಿನ ಕಣ್ಣಿಗೆ ಬೀಳದ್ದು

ನಮ್ಮಲ್ಲಿ ಕಟ್ಟಡ ಉಳಿಸುವ ಹೋರಾಟಕ್ಕೆ ದೊಡ್ಡ ಮಾದರಿ ಅಠಾರಾ ಕಚೇರಿ. 1868ರಲ್ಲಿ ಪೂರ್ಣಗೊಂಡ ಆ ಕೆಂಪು ಕಟ್ಟಡವನ್ನು ಕೆಡವುವ ಯೋಚನೆ 1980ರ ದಶಕದಲ್ಲಿ ಬಂದಾಗ ನಾಗರಿಕರು ನ್ಯಾಯಾಲಯದ ಮೆಟ್ಟಿಲೇರಿದರು, ಕಟ್ಟಡ ಉಳಿಯಿತು. ಇಂದಿಗೂ ಹೈಕೋರ್ಟ್ ಇರುವುದು ಅಲ್ಲೇ. ಆದರೆ ಅದು ಸರ್ಕಾರದ ಸೊತ್ತು, ಎಲ್ಲರ ಕಣ್ಣಿಗೂ ಬೀಳುವಂಥದ್ದು. ವಠಾರ ಖಾಸಗಿ ಸೊತ್ತು. 1958ರ ಕೇಂದ್ರ ಸ್ಮಾರಕ ಕಾಯಿದೆಯಾಗಲಿ 1961ರ ರಾಜ್ಯ ಕಾಯಿದೆಯಾಗಲಿ ಕಟ್ಟಡಕ್ಕೆ ನೂರು ವರ್ಷ ತುಂಬಿರಬೇಕೆಂದು ಕೇಳುತ್ತವೆ. ತುಂಬಿದ ಮೇಲೂ ಅದಕ್ಕೆ ಐತಿಹಾಸಿಕ ಅಥವಾ ಕಲಾತ್ಮಕ ಮಹತ್ವ ಇರಬೇಕು. ರಾಜ ಬಂದು ಹೋಗದ, ಯುದ್ಧ ನಡೆಯದ ವಠಾರಕ್ಕೆ ಅಂಥ ಮಹತ್ವ ಇದೆಯೆಂದು ತೋರಿಸುವುದು ಹೇಗೆ? ದಾಖಲೆಯಿಂದಲೇ.

ಮಾಲೀಕರ ಕಷ್ಟವನ್ನೂ ಅಲ್ಲಗಳೆಯುವಂತಿಲ್ಲ. 1961ರ ಬಾಡಿಗೆ ನಿಯಂತ್ರಣ ಕಾಯಿದೆಯಿಂದ ಬಾಡಿಗೆದಾರರಿಗೆ ರಕ್ಷಣೆ ಸಿಕ್ಕಿತು ನಿಜ. ಆದರೆ ಹೆಚ್ಚದ ಬಾಡಿಗೆಯಲ್ಲಿ ಮಾಡಿನ ಹೆಂಚು ಬದಲಿಸುವವರಾರು? 1999ರ ಹೊಸ ಬಾಡಿಗೆ ಕಾಯಿದೆ 2001ರ ಕೊನೆಯಲ್ಲಿ ಜಾರಿಗೆ ಬರುವ ಹೊತ್ತಿಗೆ ಎಷ್ಟೋ ಗೋಡೆಗಳು ಬಾಗಿದ್ದವು, ನೆಲದ ಬೆಲೆ ಮಾತ್ರ ಏರಿತ್ತು. ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲಿ ವಠಾರವೆಂದರೆ ಚದರ ಅಡಿಗಳ ಲೆಕ್ಕ. ಅವರನ್ನು ಬೈದು ಪ್ರಯೋಜನವಿಲ್ಲ. ಕೆಡವಲೇಬೇಕಾದ ಕಡೆ ಕೆಡವುವ ಮುನ್ನ ಒಂದು ವಾರ ಅಳತೆಗೆ ಅವಕಾಶ ಕೊಡಿ ಎಂದು ಕೇಳಬಹುದು. ವಾಸವಿರುವವರ ಒಪ್ಪಿಗೆ ಪಡೆದು, ಅವರ ಮನೆಯ ಗುಟ್ಟನ್ನು ಕಾಪಾಡಿ ಮಾಡಿದರೆ ಇದರಿಂದ ಯಾರಿಗೂ ನಷ್ಟವಿಲ್ಲ.

ಮನೆ ಅಲ್ಲಿ, ನೆನಪು ಇಲ್ಲಿ

ಈ ಕೆಲಸದಲ್ಲಿ ಪಶ್ಚಿಮ ಬೆಂಗಳೂರಿಗೂ ಒಂದು ಪಾತ್ರವಿದೆ. ಹಳೆಯ ಬಡಾವಣೆಗಳ ವಠಾರಗಳನ್ನು ಬಿಟ್ಟ ಅನೇಕ ಕುಟುಂಬಗಳು ಸ್ವಂತ ಸೂರು ಹುಡುಕುತ್ತಾ ನಡೆದದ್ದು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೊನೆಗೆ ಕೆಂಗೇರಿ ಉಪನಗರದ ಕಡೆಗೆ. ಇಲ್ಲಿ ಅವರಿಗೆ ಸಿಕ್ಕಿದ್ದು ತಮ್ಮದೇ ನಲ್ಲಿ, ತಮ್ಮದೇ ಬಾಗಿಲು, ನಾಲ್ಕೂ ಕಡೆ ತಮ್ಮದೇ ಗೋಡೆ. ಇಟ್ಟಿಗೆ ಉಳಿದದ್ದು ಚಾಮರಾಜಪೇಟೆಯಲ್ಲಿ, ಅದರ ನೆನಪು ಬಂದು ಕುಳಿತದ್ದು ಕೆಂಗೇರಿಯಲ್ಲಿ. 2021ರಿಂದ ಕೆಂಗೇರಿಗೆ ಮೆಟ್ರೊ ಓಡುತ್ತಿದೆ. ಅಳತೆಯ ಟೇಪು ಹಿಡಿದ ವಿದ್ಯಾರ್ಥಿಗಳು ಆ ತುದಿಗೆ ಹೋದಂತೆ, ಧ್ವನಿಮುದ್ರಣದ ಯಂತ್ರ ಹಿಡಿದವರು ಈ ತುದಿಗೂ ಬರಬೇಕು.

1984ರಲ್ಲಿ ಸ್ಥಾಪನೆಯಾದ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆ ನಗರದ ಪಾರಂಪರಿಕ ಕಟ್ಟಡಗಳ ಪಟ್ಟಿ ಮಾಡುವ ಕೆಲಸದಲ್ಲಿ ತೊಡಗಿದೆ. ನಗರದಲ್ಲಿ ವಾಸ್ತುಶಿಲ್ಪ ಕಲಿಸುವ ಕಾಲೇಜುಗಳಿಗೆ ಕೊರತೆಯಿಲ್ಲ. ವರ್ಷಕ್ಕೆ ಒಂದು ತರಗತಿ ಒಂದು ವಠಾರವನ್ನು ಅಳೆದರೂ ಸಾಕು. ಮನೆಮಂದಿಯೂ ಕೈ ಜೋಡಿಸಬಹುದು: ಅಟ್ಟದ ಮೇಲಿನ ಬಾಡಿಗೆ ಚೀಟಿ, ಕಂದಾಯದ ರಸೀತಿ, ಅಂಗಳದಲ್ಲಿ ನಿಂತು ತೆಗೆಸಿಕೊಂಡ ಮದುವೆಯ ಫೋಟೊ, ಇವನ್ನು ರದ್ದಿಗೆ ಹಾಕುವ ಮುನ್ನ ಹಿಂಬದಿಯಲ್ಲಿ ಹೆಸರು, ವರ್ಷ, ಊರು ಬರೆದಿಟ್ಟರೆ ಅದೇ ದಾಖಲೆಯ ಮೊದಲ ಪುಟ. ಎಂಬತ್ತು ದಾಟಿದ ಅಜ್ಜಿಯೊಬ್ಬರು ಮನೆಯಲ್ಲಿದ್ದರೆ, ನಲ್ಲಿ ಎಲ್ಲಿತ್ತು, ಬಾವಿ ಯಾವಾಗ ಮುಚ್ಚಿದರು ಎಂದು ಇಂದೇ ಕೇಳಿ ಬರೆದುಕೊಳ್ಳುವುದು ಒಳಿತು. ಇಟ್ಟಿಗೆ ಇನ್ನೊಂದಿಷ್ಟು ವರ್ಷ ಕಾದೀತು, ಅವರ ನೆನಪು ಕಾಯಲಾರದು.