ಕಂಬಳಿಯಿಂದ ಸ್ವೆಟರಿನವರೆಗೆ: ಹುಣಸೂರು ಸೀಮೆಯ ಉಣ್ಣೆ ಕಸುಬಿನ ಇತಿಹಾಸ

ಮೈಸೂರು ಜಿಲ್ಲೆಯ ಪಶ್ಚಿಮ ಭಾಗದಲ್ಲಿರುವ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳನ್ನು ಇಂದು ಹೊಗೆಸೊಪ್ಪು, ರಾಗಿ, ಭತ್ತ ಮತ್ತು ಕಾಡಿನ ಸೀಮೆಯೆಂದು ಗುರುತಿಸುವುದು ವಾಡಿಕೆ. ಕಾವೇರಿ, ಲಕ್ಷ್ಮಣತೀರ್ಥ ಮತ್ತು ಕಪಿಲೆಯ ನೀರುಂಡ ಈ ನೆಲಕ್ಕೆ ಉಣ್ಣೆಯ ಇತಿಹಾಸವೂ ಇದೆ ಎಂಬುದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಕುರುಬರ ಮಗ್ಗದ ಕಂಬಳಿ, ಹುಣಸೂರಿನಲ್ಲಿ ಸೈನ್ಯಕ್ಕಾಗಿ ನಡೆದ ಕಂಬಳಿ ಕಾರ್ಖಾನೆ, ಬೈಲಕುಪ್ಪೆ ಮತ್ತು ಗುರುಪುರದ ಟಿಬೆಟನ್ನರ ಹೆಣಿಗೆ ಮತ್ತು ಸ್ವೆಟರ್ ವ್ಯಾಪಾರ, ಈ ಮೂರು ಘಟ್ಟಗಳನ್ನು ಒಟ್ಟಿಗಿಟ್ಟು ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ: ಕಾರ್ಖಾನೆ ಮುಚ್ಚಬಹುದು, ಪೇಟೆ ಕೈತಪ್ಪಬಹುದು, ಆದರೆ ಕೈಗೆ ಹತ್ತಿದ ಕಸುಬು ಅದನ್ನು ಬಲ್ಲವರು ಇನ್ನೊಬ್ಬರಿಗೆ ಕಲಿಸುತ್ತಿರುವವರೆಗೂ ಬದುಕಿರುತ್ತದೆ.

ಮೊದಲು ನೇಯ್ಗೆಗೂ ಹೆಣಿಗೆಗೂ ಇರುವ ವ್ಯತ್ಯಾಸವನ್ನು ತಿಳಿಯಬೇಕು. ನೇಯ್ಗೆಯಲ್ಲಿ ಉದ್ದಕ್ಕೆ ಬಿಗಿದ ಎಳೆಗಳಾದ ಹಾಸಿನ ನಡುವೆ ಅಡ್ಡ ಎಳೆಯಾದ ಹೊಕ್ಕು ಹಾದುಹೋಗುತ್ತದೆ. ಇದಕ್ಕೆ ಮಗ್ಗ ಬೇಕು. ಹೆಣಿಗೆಯಲ್ಲಿ ಒಂದೇ ಎಳೆ ಎರಡು ಕಡ್ಡಿಗಳ ಮೇಲೆ ಕುಣಿಕೆ ಕುಣಿಕೆಯಾಗಿ ಒಂದರೊಳಗೊಂದು ಸಿಕ್ಕಿಕೊಳ್ಳುತ್ತ ಸಾಗುತ್ತದೆ. ಹೀಗಾಗಿ ನೇಯ್ದ ಬಟ್ಟೆ ಬಿಗಿಯಾಗಿ ನಿಲ್ಲುತ್ತದೆ, ಹೆಣೆದ ಬಟ್ಟೆ ಎಳೆದಂತೆ ಹಿಗ್ಗಿ ಮೈಗೆ ಹೊಂದಿಕೊಳ್ಳುತ್ತದೆ. ಮಗ್ಗವನ್ನು ಹೊತ್ತು ತಿರುಗಲಾಗದು, ಕಡ್ಡಿ ಮತ್ತು ಉಣ್ಣೆಯ ಉಂಡೆಯನ್ನು ಚೀಲದಲ್ಲಿಟ್ಟುಕೊಂಡು ಎಲ್ಲಿಗೂ ಹೋಗಬಹುದು. ಈ ಸೀಮೆಯಲ್ಲಿ ಕಂಬಳಿ ನೆಲೆನಿಂತವರ ಕಸುಬಾಗಿ ಬೆಳೆದದ್ದಕ್ಕೂ ಹೆಣಿಗೆ ನೆಲೆ ಕಳೆದುಕೊಂಡು ಬಂದವರ ಆಸರೆಯಾದದ್ದಕ್ಕೂ ಈ ವ್ಯತ್ಯಾಸವೇ ಬಹುಮಟ್ಟಿಗೆ ಕಾರಣ.

ಕಂಬಳಿ ನೇಯ್ಗೆ ಹಾಲುಮತದ ಕುರುಬರ ಕುಲಕಸುಬು. ಹೆಗ್ಗಡದೇವನಕೋಟೆ ಮತ್ತು ಹುಣಸೂರಿನ ಕಾಡಂಚಿನಲ್ಲಿ ವಾಸಿಸುವ ಜೇನುಕುರುಬರು ಮತ್ತು ಬೆಟ್ಟಕುರುಬರು ಹೆಸರಿನಲ್ಲಿ ಮಾತ್ರ ಹತ್ತಿರದವರು. ಅವರು ಕಾಡನ್ನು ನಂಬಿದ ಬೇರೆಯೇ ಸಮುದಾಯಗಳು, ಕುರಿ ಸಾಕಣೆಯಾಗಲಿ ಕಂಬಳಿಯಾಗಲಿ ಅವರ ಕಸುಬಲ್ಲ. ಹಾಲುಮತದವರ ಮನೆಗಳಲ್ಲಿ ಕುರಿಗಳನ್ನು ಹೊಳೆಯಲ್ಲೋ ಕೆರೆಯಲ್ಲೋ ಮೈತೊಳೆದು, ಉಣ್ಣೆ ಕತ್ತರಿಸಿ, ಬಿಲ್ಲಿನಿಂದ ಹಿಂಜಿ, ಹೆಂಗಸರು ನೂಲು ತೆಗೆದರೆ ಗಂಡಸರು ಮಗ್ಗದಲ್ಲಿ ನೇಯುವುದು ಪದ್ಧತಿ. ಹಾಸಿನ ಎಳೆ ಉಜ್ಜಾಟದಲ್ಲಿ ಹರಿಯದಂತೆ ಅದಕ್ಕೆ ಹುಣಸೆಬೀಜವನ್ನು ಅರೆದು ಬೇಯಿಸಿದ ಗಂಜಿಯನ್ನು ಸವರಿ ಒಣಗಿಸುತ್ತಾರೆ. ಹೊಸ ಕಂಬಳಿಯ ಪೆಡಸುತನಕ್ಕೆ ಈ ಗಂಜಿಯೇ ಕಾರಣ. ಬಳಸುತ್ತ ಬಂದಂತೆ ಗಂಜಿ ಕಳೆದು, ಎಳೆಗಳು ಒಂದಕ್ಕೊಂದು ಅಂಟಿಕೊಂಡು, ಉಣ್ಣೆಯಲ್ಲಿ ಸಹಜವಾಗಿರುವ ಜಿಡ್ಡು ಹನಿಯನ್ನು ಜಾರಿಸುತ್ತದೆ. ಮುಂಗಾರಿನಲ್ಲಿ ನಾಟಿಗೆ ಇಳಿದವರೂ ದನ ಕಾಯುವವರೂ ಕಂಬಳಿಯನ್ನು ತಲೆಯ ಮೇಲಿಂದ ಕೊಪ್ಪೆ ಹಾಕಿಕೊಂಡು ದಿನವಿಡೀ ಮಳೆಯಲ್ಲಿ ನಿಲ್ಲುತ್ತಿದ್ದುದು ಈ ಗುಣದಿಂದಲೇ. ಕರಿಕಂಬಳಿಯನ್ನು ಹಾಸಿ ಗದ್ದುಗೆ ಮಾಡಿ ದೇವರ ಕಾರ್ಯ ನಡೆಸುವ ಸಂಪ್ರದಾಯವು ಅದಕ್ಕೆ ಹೊದಿಕೆಗಿಂತ ದೊಡ್ಡ ಸ್ಥಾನವನ್ನು ಕೊಟ್ಟಿತು.

ಶ್ರೀರಂಗಪಟ್ಟಣದ ಪತನದ ನಂತರ 1800ರಲ್ಲಿ ಬ್ರಿಟಿಷ್ ಪ್ರವಾಸಿ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ಸುತ್ತುತ್ತ ಪಿರಿಯಾಪಟ್ಟಣ ಮತ್ತು ಹೆಗ್ಗಡದೇವನಕೋಟೆಯನ್ನೂ ಹಾದುಹೋದನು. 1807ರಲ್ಲಿ ಪ್ರಕಟವಾದ ಅವನ ಪ್ರವಾಸ ಗ್ರಂಥದಲ್ಲಿ ಕುರುಬರ ಕಂಬಳಿ ಕಸುಬಿನ ವಿವರಗಳೂ ಸೇರಿವೆ. ಅದೇ ಕಾಲದಲ್ಲಿ ಹುಣಸೂರಿನ ದೆಸೆ ಬದಲಾಗತೊಡಗಿತು. ಮಡಿಕೇರಿಯ ದಾರಿಯೂ ದಕ್ಷಿಣ ಕೊಡಗಿನ ಮೂಲಕ ಮಲಬಾರಿಗೆ ಇಳಿಯುವ ದಾರಿಯೂ ಕವಲೊಡೆಯುವ ಈ ಊರು ಸೈನ್ಯದ ಸರಬರಾಜಿಗೆ ಅನುಕೂಲವಾಗಿತ್ತು. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆಚಾವಡಿ ಎನಿಸಿಕೊಂಡು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ದನಗಳ ಇಲಾಖೆ 1813ರಲ್ಲಿ ಮದರಾಸು ಸೈನ್ಯದ ಸರಬರಾಜು ಇಲಾಖೆಯ ಕೈಸೇರಿತು. ಫಿರಂಗಿ ಎಳೆಯುವ ಎತ್ತುಗಳನ್ನು ಒದಗಿಸುತ್ತಿದ್ದ ಈ ಇಲಾಖೆಗೆ ಹುಣಸೂರು ಕೇಂದ್ರವಾಯಿತು. ಅದರ ಜೊತೆಗೆ ಚರ್ಮ ಹದಮಾಡುವ ಕಾರ್ಖಾನೆ, ಮರದ ಕೋಠಿ ಮತ್ತು ಕಂಬಳಿ ತಯಾರಿಸುವ ಕಾರ್ಖಾನೆಗಳೂ ಅಲ್ಲಿ ನಡೆದವು. ನಾಡಕುರಿಯ ಉಣ್ಣೆ ಒರಟಾದುದರಿಂದ ಮೃದು ಉಣ್ಣೆಯ ಮೆರಿನೊ ಕುರಿಗಳನ್ನು ತರಿಸಿ ಸ್ಥಳೀಯ ತಳಿಯೊಂದಿಗೆ ಬೆರೆಸುವ ಪ್ರಯತ್ನವೂ ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸಂಸ್ಥಾನದಲ್ಲಿ ನಡೆಯಿತು. 1860ರಲ್ಲಿ ಅಮೃತಮಹಲನ್ನು ವಿಸರ್ಜಿಸಿ ದನಗಳನ್ನು ಮಾರಲಾಯಿತು. ಅದೇ ದಶಕದಲ್ಲಿ ದನಗಳ ಇಲಾಖೆಯನ್ನೇನೋ ಮತ್ತೆ ಕಟ್ಟಿದರು, ಆದರೆ ಕಂಬಳಿ ಕಾರ್ಖಾನೆ ಮುಚ್ಚಿಹೋಯಿತು. ಹಾಗಿದ್ದರೂ ಅಲ್ಲಿ ಪಳಗಿದ ಕೆಲಸಗಾರರ ಕೈಚಳಕ ಊರಿನಲ್ಲೇ ಉಳಿಯಿತು. ಚರ್ಮದ ಸಾಮಾನು, ಗಾಡಿ ಮತ್ತು ಕಂಬಳಿಗೆ ಹುಣಸೂರು ಆ ಬಳಿಕವೂ ಹೆಸರಾಗಿತ್ತು.

ಕಡ್ಡಿಯ ಹೆಣಿಗೆ ಕನ್ನಡ ನಾಡಿಗೆ ಯುರೋಪಿಯನ್ನರೊಂದಿಗೆ ಬಂದ ವಿದ್ಯೆ. ಮಿಷನ್ ಶಾಲೆಗಳ ಮೂಲಕ ಅದು ಹೆಣ್ಣುಮಕ್ಕಳ ಹೊಲಿಗೆ ಪಾಠದೊಳಗೆ ಸೇರಿ, ಅಲ್ಲಿಂದ ಮನೆಗಳಿಗೆ ಬಂದು, ಹುಟ್ಟಲಿರುವ ಕೂಸಿಗೆ ಟೋಪಿ, ಕಾಲುಚೀಲ ಮತ್ತು ಸ್ವೆಟರ್ ಹೆಣೆದಿಡುವ ರೂಢಿಯಾಯಿತು. ಆದರೆ ಅದು ಬಿಡುವಿನ ಕೆಲಸವಾಗಿತ್ತೇ ಹೊರತು ಹೊಟ್ಟೆಪಾಡಾಗಿರಲಿಲ್ಲ. ಹೆಣಿಗೆಯನ್ನು ಹೊಟ್ಟೆಪಾಡಾಗಿ ಈ ಸೀಮೆಗೆ ತಂದವರು ಟಿಬೆಟನ್ನರು.

1959ರಲ್ಲಿ ದಲೈಲಾಮಾ ಭಾರತಕ್ಕೆ ಬಂದ ಮೇಲೆ ಸಾವಿರಾರು ಟಿಬೆಟನ್ನರು ಹಿಮಾಲಯ ದಾಟಿ ಬಂದರು. ಅವರಲ್ಲಿ ಅನೇಕರಿಗೆ ಮೊದಲು ಸಿಕ್ಕಿದ್ದು ಬೆಟ್ಟಗಳಲ್ಲಿ ರಸ್ತೆ ಕಡಿಯುವ ಕೂಲಿ. ಆಗಿನ ಮೈಸೂರು ರಾಜ್ಯ ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿಯನ್ನು ಕೊಟ್ಟಿತು. 1960ರ ಕೊನೆಯಲ್ಲಿ ಮೊದಲ ತಂಡ ಬಂದಿಳಿದು ಲುಗ್ಸಂ ಸಾಮ್ಡುಪ್ಲಿಂಗ್ ಎಂಬ ವಸಾಹತು ಕಟ್ಟಿತು. 1969ರಲ್ಲಿ ಅದರ ಪಕ್ಕದಲ್ಲೇ ಡಿಕ್ಯಿ ಲಾರ್ಸೋ, 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ರಬ್ಗ್ಯಾಲಿಂಗ್ ವಸಾಹತುಗಳು ಹುಟ್ಟಿದವು. ಕಾಡು ಕಡಿದು ಮುಸುಕಿನ ಜೋಳ ಬೆಳೆದ ಈ ಕುಟುಂಬಗಳಿಗೆ ಮಳೆಯಾಶ್ರಿತ ಬೆಳೆ ಕೊಯ್ಲಾದ ಮೇಲೆ ಮುಂದಿನ ಮುಂಗಾರಿನವರೆಗೆ ಹೊಲದ ಕೆಲಸವಿರಲಿಲ್ಲ. ಆ ಬಿಡುವಿನ ತಿಂಗಳುಗಳು ಚಳಿಗಾಲದ ತಿಂಗಳುಗಳೂ ಆಗಿದ್ದುದರಿಂದ ಸ್ವೆಟರ್ ವ್ಯಾಪಾರ ಅವರ ಬೇಸಾಯಕ್ಕೆ ಸರಿಯಾಗಿ ಜೋಡಿಯಾಯಿತು.

ಉಣ್ಣೆ ಅವರಿಗೆ ಹೊಸದಲ್ಲ. ಯಾಕ್ ಮತ್ತು ಕುರಿ ಸಾಕುವ ನಾಡಿನಲ್ಲಿ ನಡೆಯುತ್ತಲೇ ಕದಿರಿನಲ್ಲಿ ನೂಲು ತೆಗೆಯುವುದು ಹೆಣ್ಣುಗಂಡೆನ್ನದೆ ರೂಢಿಯಲ್ಲಿತ್ತು. ಭಾರತಕ್ಕೆ ಬಂದ ಮೇಲೆ ನಿರಾಶ್ರಿತರು ಸ್ವೆಟರುಗಳನ್ನು ಕೈಯಾರೆ ಹೆಣೆದು, ಚಳಿಗಾಲದಲ್ಲಿ ಪಟ್ಟಣಗಳ ಪಾದಚಾರಿ ಮಾರ್ಗದ ಅಂಚಿನಲ್ಲಿ ಹರವಿ ಮಾರಿದರು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಗಡಿಯ ಮುಂದೆಯೇ ಕುಳಿತು ಮುಂದಿನ ಸ್ವೆಟರಿನ ತೋಳು ಹೆಣೆಯಲು ಕಡ್ಡಿಯ ಕೆಲಸದಲ್ಲಿ ಅಡ್ಡಿಯಿಲ್ಲ. ಬೇಡಿಕೆ ಬೆಳೆದಂತೆ ಕೈಯ ವೇಗ ಸಾಲದಾಯಿತು. ಪಂಜಾಬಿನ ಲುಧಿಯಾನದ ಯಂತ್ರದ ಸ್ವೆಟರುಗಳನ್ನು ಸಾಲವಾಗಿ ತಂದು, ಚಳಿಗಾಲದ ಮಾರಾಟ ಮುಗಿದ ಮೇಲೆ ಲೆಕ್ಕ ತೀರಿಸುವ ಪದ್ಧತಿ ಬೆಳೆಯಿತು. ಅಗ್ಗದ ಅಕ್ರಿಲಿಕ್ ನೂಲು ಬಂದ ಬಳಿಕ ಕೈಹೆಣಿಗೆ ಇನ್ನಷ್ಟು ಹಿಂದೆ ಸರಿಯಿತು. ಹೆಸರು ಟಿಬೆಟನ್ ಸ್ವೆಟರ್ ಎಂದೇ ಉಳಿದರೂ ಹೆಣೆದ ಕೈ ಟಿಬೆಟನ್ನರದಾಗಿರಲಿಲ್ಲ. ವಸಾಹತಿನ ಕರಕುಶಲ ಕೇಂದ್ರಗಳಲ್ಲಿ ರತ್ನಗಂಬಳಿ ನೇಯ್ಗೆ ಮಾತ್ರ ಕೈಯ ಕೆಲಸವಾಗಿಯೇ ಮುಂದುವರಿಯಿತು. ಹಾಸಿನ ಎಳೆಗಳ ಮುಂದೆ ಒಂದು ಸರಳನ್ನಿಟ್ಟು, ಬಣ್ಣದ ಉಣ್ಣೆಯನ್ನು ಎಳೆಗೂ ಸರಳಿಗೂ ಸುತ್ತಿ, ಸಾಲು ಮುಗಿದೊಡನೆ ಸರಳಿನ ಮೇಲೆ ಚಾಕು ಎಳೆದರೆ ಕುಣಿಕೆಗಳು ಸೀಳಿ ಮಖಮಲ್ಲಿನಂಥ ಮೈ ಏಳುತ್ತದೆ.

ಈ ಇತಿಹಾಸದಿಂದ ಇಂದಿನ ಹೆಣಿಗೆಗಾರರಿಗೆ ಬಳಕೆಯ ಪಾಠಗಳೂ ದೊರೆಯುತ್ತವೆ. ನಾಡಕುರಿಯ ಉಣ್ಣೆ ಚುಚ್ಚುವುದರಿಂದ ಕೂಸಿನ ಬಟ್ಟೆಗೆ ಒಗ್ಗದು. ಆದರೆ ದಪ್ಪ ಕಡ್ಡಿಯಲ್ಲಿ ಹೆಣೆದ ಚೀಲ, ಮಣೆಯ ಹಾಸು ಮತ್ತು ಬಾಗಿಲ ಹಾಸಿಗೆ ಅದರ ಗಟ್ಟಿತನವೇ ಗುಣ. ಟಿಬೆಟನ್ ಗೃಹಿಣಿಯರು ಸೊಂಟಕ್ಕೆ ಕಟ್ಟುವ ಪಾಂಗ್ಡೆನ್ ಎಂಬ ಪಟ್ಟೆಪಟ್ಟೆಯ ಮುಂಬಟ್ಟೆ ಮೂರು ಪಟ್ಟಿಗಳನ್ನು ಜೋಡಿಸಿ ಹೊಲಿದದ್ದು. ಅದರ ಮಾದರಿಯಲ್ಲಿ ಉಳಿಕೆ ಉಣ್ಣೆಯ ಚಿಕ್ಕ ಉಂಡೆಗಳಿಂದ ಬಣ್ಣದ ಅಡ್ಡಪಟ್ಟೆಗಳ ಮಫ್ಲರನ್ನು ಹೊಸಬರೂ ಹೆಣೆಯಬಹುದು. ಸ್ವೆಟರ್ ಆರಂಭಿಸುವ ಮೊದಲು ಹತ್ತು ಸೆಂಟಿಮೀಟರ್ ಚೌಕದ ತುಣುಕೊಂದನ್ನು ಹೆಣೆದು, ತೊಳೆದು, ಒಣಗಿಸಿ, ಕುಣಿಕೆಗಳನ್ನು ಎಣಿಸಿಕೊಂಡರೆ ಅಳತೆ ತಪ್ಪುವುದಿಲ್ಲ. ಸೊಂಟದ ಮತ್ತು ಮುಂಗೈಯ ಅಂಚನ್ನು ಒಂದು ಸೀದಾ, ಒಂದು ಉಲ್ಟಾ ಕುಣಿಕೆಯಂತೆ ಹೆಣೆದರೆ ಅದು ಹಿಗ್ಗಿ ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ. ಉಣ್ಣೆಯನ್ನು ಬಿಸಿನೀರಿನಲ್ಲಿ ಉಜ್ಜಿದರೆ ಕುಗ್ಗಿ ಗಟ್ಟಿಯಾಗುತ್ತದೆ. ಕಂಬಳಿಗೆ ವರವಾದ ಈ ಗುಣ ಸ್ವೆಟರಿಗೆ ಶಾಪ. ಆದುದರಿಂದ ತಣ್ಣೀರಿನಲ್ಲಿ ಅಂಟುವಾಳದ ನೊರೆಯಿಂದ ಹಿಂಡದೆ ಮೆಲ್ಲಗೆ ತೊಳೆದು, ನೆರಳಿನಲ್ಲಿ ಹರಡಿ ಒಣಗಿಸಬೇಕು.

ಹುಣಸೂರಿನ ಕಂಬಳಿ ಕಾರ್ಖಾನೆ ಇಂದು ಇಲ್ಲ, ಕೊಪ್ಪೆಯ ಜಾಗವನ್ನು ಪ್ಲಾಸ್ಟಿಕ್ ಹಾಳೆ ಹಿಡಿದಿದೆ, ಕೈಯಿಂದ ಹೆಣೆದ ಸ್ವೆಟರಿನ ಜಾಗವನ್ನು ಲುಧಿಯಾನದ ಯಂತ್ರ ಹಿಡಿದಿದೆ. ಕಂಬಳಿ ನೇಯ ಬಲ್ಲ ಹಿರಿಯರೂ ಕಡ್ಡಿ ಹಿಡಿಯ ಬಲ್ಲ ತಾಯಂದಿರೂ ಇನ್ನೂ ಈ ನಾಡಿನಲ್ಲಿ ಇರುವಾಗಲೇ, ಶಾಲೆಗಳೂ ಸ್ತ್ರೀಶಕ್ತಿ ಸಂಘಗಳೂ ಅವರ ಬಳಿ ಮಕ್ಕಳನ್ನು ಕೂರಿಸಿ ಈ ವಿದ್ಯೆಯನ್ನು ದಾಟಿಸಿಕೊಳ್ಳಬೇಕು. ಕೈಯಿಂದ ಕೈಗೆ ದಾಟದ ಕಸುಬನ್ನು ಯಾವ ಪುಸ್ತಕವೂ ಉಳಿಸಲಾರದು.