ಲಿಂಕನ್ ಹಂತಕನನ್ನು ಕೊಂದವನ ಕಥೆ

ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರನ್ನು ಕೊಂದ ಜಾನ್ ಬೂತ್‌ಗೆ ಗುಂಡು ಹೊಡೆದವನು ಯಾರು ಗೊತ್ತೇ? 1832ರಲ್ಲಿ ಲಂಡನ್‌ನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಮನೆಯವರ ಜೊತೆ ಅಮೆರಿಕಕ್ಕೆ ಬಂದ ಬಾಸ್ಟನ್ ಕಾರ್ಬೆಟ್.

ಅವನ ಕಸುಬು ಟೋಪಿ ಮಾಡುವುದು. ತುಪ್ಪಳ ಹದ ಮಾಡಲು ಆಗ ಪಾದರಸ ಬಳಸುತ್ತಿದ್ದರು. ಅದರ ಹೊಗೆ ಕುಡಿದ ಎಷ್ಟೋ ಕೆಲಸಗಾರರ ತಲೆ ಕೆಡುತ್ತಿತ್ತು. ಅಂತರ್ಯುದ್ಧದಲ್ಲಿ ಸೈನ್ಯ ಸೇರಿ, 1864ರಲ್ಲಿ ಸೆರೆಸಿಕ್ಕ. ಸುಮಾರು 13,000 ಕೈದಿಗಳು ಸತ್ತ ಆಂಡರ್ಸನ್‌ವಿಲ್ ಸೆರೆಮನೆಯಿಂದ ಹೇಗೋ ಬದುಕಿ ಬಂದ.

1865ರ ಏಪ್ರಿಲ್ 26ರಂದು ವರ್ಜೀನಿಯಾದ ತಂಬಾಕು ಬ್ಯಾರನ್‌ನಲ್ಲಿ ಅಡಗಿದ್ದ ಬೂತ್‌ನನ್ನು ಹೊಡೆದ. ಬಹುಮಾನದಲ್ಲಿ 1,653 ಡಾಲರ್ ಪಾಲು ಸಿಕ್ಕಿತು. ಜನ ವೀರನೆಂದರು. ಅವನಿಗೋ, ಯಾರಾದರೂ ಸೇಡಿಗೆ ಬರುತ್ತಾರೆಂಬ ಭಯ.

1887ರಲ್ಲಿ ಕಾನ್ಸಾಸ್ ಶಾಸನಸಭೆಯಲ್ಲಿ ಬಾಗಿಲು ಕಾಯುತ್ತಿದ್ದಾಗ ಪಿಸ್ತೂಲು ತೆಗೆದ, ಹುಚ್ಚಾಸ್ಪತ್ರೆಗೆ ಹಾಕಿದರು. ಮರುವರ್ಷ ಕುದುರೆ ಹತ್ತಿ ಪರಾರಿಯಾದ. ದೇಶವೇ ಹೊಗಳಿದ್ದ ಆ ಸೈನಿಕನ ಗೋರಿ ಎಲ್ಲಿದೆಯೆಂದು ಇಂದಿಗೂ ಯಾರಿಗೂ ತಿಳಿದಿಲ್ಲ.