ಹಾಲಿ ಸಿಕ್ಕಾದಿಂದ ಎಐವರೆಗೆ: ಕಲ್ಯಾಣ, ಹುಮನಾಬಾದ್ ಅಂಗಡಿಗಳ ಲೆಕ್ಕದ ಕಥೆ

ಬಸವಕಲ್ಯಾಣದ ಆಟೋನಗರದಲ್ಲಿ ಲಾರಿ ಬಿಡಿಭಾಗ ಮಾರುವ ಒಬ್ಬ ಹಿರಿಯರು ನಮ್ಮನ್ನು ಹಿಡಿದು ಕೂರಿಸಿ ಕೇಳಿದರು: "ನೀವು ಪೇಪರ್‌ನವರು ಅದೀರಿ, ಹೇಳ್ರಿ. ಈ ಎಐ ಅಂತಾರಲ್ಲ, ನಮ್ಮಂಥ ಸಣ್ಣ ಅಂಗಡಿಯವರು ಅದನ್ನ ಹ್ಯಾಂಗ ಶುರು ಮಾಡಬೇಕ್ರಿ? ಹುಡುಗರೆಲ್ಲಾ ಮಾಡಕತ್ಯಾರ, ನಮಗ ಅಂಜಿಕಿ ಆಗ್ತದ."

ಅಲ್ಲೇ ಏನೋ ಎರಡು ಮಾತು ಹೇಳಿ ಬಂದೆವು. ಆದರೆ ಆ "ಅಂಜಿಕಿ" ಎಂಬ ಮಾತು ಮನಸ್ಸಿನಲ್ಲಿ ಉಳಿಯಿತು. ಅವರ ತಂದೆ, ಅಜ್ಜನ ಕಾಲದಲ್ಲಿ ಇದೇ ಪೇಟೆಯಲ್ಲಿ ಹತ್ತು-ಹನ್ನೆರಡು ವರ್ಷದೊಳಗೆ ರೊಕ್ಕ ಬದಲಾಯಿತು, ಪೈಸೆ ಬದಲಾಯಿತು, ತೂಕದ ಕಲ್ಲು ಬದಲಾಯಿತು, ಕಚೇರಿಯ ಭಾಷೆಯೂ ಬದಲಾಯಿತು. ಇಷ್ಟೆಲ್ಲ ಒಂದರ ಬೆನ್ನಿಗೆ ಒಂದು ಬಂದರೂ ಆ ಜನ ಅಂಗಡಿ ಮುಚ್ಚಲಿಲ್ಲ. ಹಾಗಾಗಿ ಎಐ ಬಗ್ಗೆ ಬರೆಯುವ ಮೊದಲು ಆ ಕಥೆ ಹೇಳುತ್ತೇವೆ.

ಏಳಕ್ಕೆ ಆರು

ನಮ್ಮ ಬೀದರ್ ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿ ಬ್ರಿಟಿಷ್ ಇಂಡಿಯಾದ ರೂಪಾಯಿಗಿಂತ ಬೇರೆ ರೂಪಾಯಿ ನಡೆಯುತ್ತಿತ್ತು. ಅದಕ್ಕೆ ಉಸ್ಮಾನಿಯಾ ಸಿಕ್ಕಾ, ಹಾಲಿ ಸಿಕ್ಕಾ ಎಂದು ಹೆಸರು. 1918ರಿಂದ ನಿಜಾಮರ ಸರ್ಕಾರ ತನ್ನದೇ ನೋಟನ್ನೂ ಹೊರಡಿಸಿತು. ಕಚೇರಿ ಕಾಗದವೆಲ್ಲ ಉರ್ದುವಿನಲ್ಲಿ. 1884ರಿಂದ ಅದೇ ಆಡಳಿತ ಭಾಷೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ದಖನಿ, ತೆಲುಗು ಎಲ್ಲ ಕಲೆತ ಮಾತು, ಕಚೇರಿಯಲ್ಲಿ ಉರ್ದು.

1948ರ ಸೆಪ್ಟೆಂಬರ್ 17ಕ್ಕೆ ಸಂಸ್ಥಾನ ಭಾರತಕ್ಕೆ ಸೇರಿತು. ರೊಕ್ಕ ಮಾತ್ರ ಒಂದೇ ದಿನಕ್ಕೆ ಬದಲಾಗಲಿಲ್ಲ. 1950ರಲ್ಲಿ ಭಾರತದ ರೂಪಾಯಿ ಇಲ್ಲಿಗೆ ಬಂತು, ಹಾಲಿ ಸಿಕ್ಕಾ ಕೂಡ ಚಾಲ್ತಿಯಲ್ಲೇ ಉಳಿಯಿತು. ದರ: ಏಳು ಹಾಲಿ ಸಿಕ್ಕಾಕ್ಕೆ ಆರು ಭಾರತದ ರೂಪಾಯಿ. 1951ರಲ್ಲಿ ಹಳೆಯದರ ಅಚ್ಚು ನಿಂತರೂ ಅದು ಪೂರ್ತಿ ರದ್ದಾದದ್ದು 1959ರಲ್ಲಿ.

ಏಳಕ್ಕೆ ಆರು ಎಂದರೆ ಕೇಳಲು ಸುಲಭ. ಗಲ್ಲಾ ಮೇಲೆ ಕುಳಿತು ಲೆಕ್ಕ ಮಾಡಿ ನೋಡಿ. 100 ಹಾಲಿ ಸಿಕ್ಕಾ ಸಾಲ ಬರೆದಿಟ್ಟಿದ್ದ ರೈತ ಭಾರತದ ರೂಪಾಯಿಯಲ್ಲಿ ತೀರಿಸಲು ಬಂದರೆ ಅವನು ಕೊಡಬೇಕಾದದ್ದು 85 ರೂಪಾಯಿ 11 ಆಣೆ 5 ಪೈ. ಲೆಕ್ಕ ಬಾರದವನು 100 ಎಂದು ಬರೆದದ್ದಕ್ಕೆ 100 ಕೊಟ್ಟು ಹೋದರೆ 14 ರೂಪಾಯಿ ಹೆಚ್ಚಿಗೆ ಕೊಟ್ಟಂತೆ. ಸಾಲದ ಪುಸ್ತಕದಲ್ಲಿ ಯಾವ ಸಿಕ್ಕಾ ಎಂದು ಬರೆದಿದ್ದರು ಎಂಬುದರ ಮೇಲೆ ಎಲ್ಲ ನಿಂತಿತ್ತು.

ಅಷ್ಟರಲ್ಲಿ 1956ರ ನವೆಂಬರ್ 1 ಬಂತು. ಬಸವಕಲ್ಯಾಣ, ಹುಮನಾಬಾದ್ ಮೈಸೂರು ರಾಜ್ಯಕ್ಕೆ ಸೇರಿದವು. ಹಿಂದೆ ಬರೀ ಕಲ್ಯಾಣಿ ಎನಿಸಿಕೊಂಡಿದ್ದ ಊರು ಬಸವಕಲ್ಯಾಣ ಆಯಿತು. ಉರ್ದು ಓದುತ್ತಿದ್ದ ಗುಮಾಸ್ತನ ಜಾಗಕ್ಕೆ ಕನ್ನಡ ಓದುವವನು ಬೇಕಾದ.

ಆರು ತಿಂಗಳೂ ಕಳೆದಿರಲಿಲ್ಲ, 1957ರ ಏಪ್ರಿಲ್ 1ಕ್ಕೆ ನಯಾ ಪೈಸೆ. ರೂಪಾಯಿಗೆ 16 ಆಣೆ ಹೋಗಿ 100 ಪೈಸೆ ಆಯಿತು. ಒಂದು ಆಣೆ ಎಂದರೆ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯ ಎಲ್ಲಿಂದ ತರುವುದು? ಸರ್ಕಾರದ ಪಟ್ಟಿಯಲ್ಲಿ ಒಂದು ಆಣೆಗೆ 6, ಎರಡಕ್ಕೆ 12, ಮೂರಕ್ಕೆ 19, ನಾಲ್ಕಕ್ಕೆ 25 ಎಂದಿತ್ತು. ಒಂದು ಆಣೆಯ ಸಾಮಾನನ್ನು 6 ಪೈಸೆಗೆ ಕೊಟ್ಟರೆ ಅಂಗಡಿಗೆ ಕಾಲು ಪೈಸೆ ಲುಕ್ಸಾನು, 7 ಕೇಳಿದರೆ ಗಿರಾಕಿಗೆ ಮುಕ್ಕಾಲು ಪೈಸೆ. ಆಗಿನ ಕಾಲಕ್ಕೆ ಅದು ಜಗಳಕ್ಕೆ ಸಾಕಾಗುವ ಮಾತು.

ತೂಕ ಇನ್ನೂ ಉಳಿದಿತ್ತಲ್ಲ. 1956ರ ಕಾಯ್ದೆಯಂತೆ 1958ರ ಅಕ್ಟೋಬರಿನಿಂದ ಹಂತ ಹಂತವಾಗಿ ಕಿಲೋ ಬಂತು. 80 ತೊಲದ ಸೇರು ಅಂದರೆ ಸುಮಾರು 933 ಗ್ರಾಂ. ಸೇರಿನ ದರದಲ್ಲೇ ಕಿಲೋ ಕೊಟ್ಟರೆ ಕಿರಾಣಿಯವನಿಗೆ ಪ್ರತಿ ಕಿಲೋಗೆ 67 ಗ್ರಾಂ ತೊಗರಿಬೇಳೆ ಖೋತಾ. ಕಿಲೋ ದರ ಹೇಳಿ ಹಳೆ ಸೇರಿನ ಕಲ್ಲಿನಲ್ಲಿ ತೂಗಿದರೆ ಗಿರಾಕಿಗೆ ಖೋತಾ. ಈ ಎರಡನೆಯದು ಎಷ್ಟು ಕಡೆ ನಡೆದಿರಬಹುದು ಎಂದು ಹಿರಿಯರನ್ನು ಕೇಳಿದರೆ ನಗುತ್ತಾರೆ, ಉತ್ತರ ಕೊಡುವುದಿಲ್ಲ.

ಗಮನಿಸಿ, ಪ್ರತಿ ಸಲವೂ ಹೊಸ ಪದ್ಧತಿ ಒಳ್ಳೆಯದೇ ಇತ್ತು. ಆಣೆ-ಪೈಗಿಂತ ನೂರು ಪೈಸೆಯ ಲೆಕ್ಕ ಸುಲಭ. ಆದರೆ ಬದಲಾಗುವ ಆ ಎರಡು-ಮೂರು ವರ್ಷಗಳಲ್ಲಿ ಪೆಟ್ಟು ತಿಂದವರು ತಾವೇ ಲೆಕ್ಕ ತಾಳೆ ನೋಡಲಾಗದವರು.

ಮುನೀಮನ ಕೈಯಲ್ಲಿದ್ದ ಅಂಗಡಿ

ದೊಡ್ಡ ಅಡತಿ ಅಂಗಡಿಗಳಲ್ಲಿ ಲೆಕ್ಕ ಬರೆಯಲು ಮುನೀಮರು ಇರುತ್ತಿದ್ದರು. ದಿನದ ವ್ಯವಹಾರ ಕಿರ್ದಿಯಲ್ಲಿ, ಒಬ್ಬೊಬ್ಬರ ಬಾಕಿ ಖತಾವಣಿಯಲ್ಲಿ. ಮರಾಠಿ ವ್ಯವಹಾರದವರು ಮೋಡಿ ಲಿಪಿಯಲ್ಲಿ ಬರೆಯುತ್ತಿದ್ದರು. ಕೈ ಎತ್ತದೆ ಸರಸರ ಬರೆಯುವ ಲಿಪಿ ಅದು. ಬರೆಯಲು ಚುರುಕು, ಓದಲು ಕಷ್ಟ. ಇವತ್ತು ಅಂಥ ಹಳೆ ವಹಿ ಅಟ್ಟದ ಮೇಲಿಂದ ಸಿಕ್ಕರೆ ಮನೆಯಲ್ಲಿ ಓದುವವರೇ ಇಲ್ಲ. ಅಜ್ಜ ಯಾರಿಗೆ ಕೊಟ್ಟ, ಯಾರಿಂದ ತಗೊಂಡ, ಎಲ್ಲ ಅದರಲ್ಲೇ ಇದೆ, ನಮ್ಮ ಪಾಲಿಗೆ ಇಲ್ಲ.

ಲೆಕ್ಕದ ವಿಷಯ ಬಂದಾಗ ಕಲ್ಯಾಣದವರಿಗೆ ಬಸವಣ್ಣ ನೆನಪಾಗದೆ ಇರುವುದಿಲ್ಲ. 12ನೇ ಶತಮಾನದಲ್ಲಿ ಅವರು ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದವರು. ಭಂಡಾರದ ಹಣ ಜಂಗಮರಿಗೆ ಸುರಿದಿದ್ದಾರೆ ಎಂದು ಚಾಡಿ ಹೇಳಿದಾಗ, ಎಣಿಸಿ ನೋಡಿದರೆ ಲೆಕ್ಕ ಸರಿಯಾಗಿತ್ತು ಎಂಬ ಕಥೆ ಪುರಾಣಗಳಲ್ಲಿದೆ. ಪವಾಡದ ಮಾತು ಬಿಡಿ. ಅವರ ಸುತ್ತ ಸೇರಿದ ಶರಣರ ಹೆಸರು ನೋಡಿದರೆ ಒಂದು ಪೇಟೆಯೇ ಕಣ್ಣಮುಂದೆ ಬರುತ್ತದೆ: ಹಗ್ಗ ಮಾಡುವ ನುಲಿಯ ಚಂದಯ್ಯ, ಬುಟ್ಟಿ ಹೆಣೆಯುವ ಮೇದಾರ ಕೇತಯ್ಯ, ಬಟ್ಟೆ ಒಗೆಯುವ ಮಡಿವಾಳ ಮಾಚಿದೇವ, ದೋಣಿಯ ಅಂಬಿಗರ ಚೌಡಯ್ಯ, ಕಟ್ಟಿಗೆ ಮಾರುವ ಮೋಳಿಗೆ ಮಾರಯ್ಯ. ಇವರೆಲ್ಲ ಸಣ್ಣ ಉದ್ಯೋಗದವರೇ. ತಮ್ಮ ಮಾತಿನಲ್ಲೇ, ಕನ್ನಡದಲ್ಲೇ ಹೇಳಿದರು ಎಂಬುದು ಇವತ್ತಿನ ನಮ್ಮ ವಿಷಯಕ್ಕೂ ಬೇಕಾದದ್ದು. ಅದಕ್ಕೆ ಮುಂದೆ ಬರುತ್ತೇವೆ.

ಫೋನಿನಿಂದ ಯುಪಿಐವರೆಗೆ

ಇಲ್ಲಿ ಬೇಗ ದಾಟುತ್ತೇವೆ, ಇದು ನೀವೆಲ್ಲ ಕಂಡದ್ದೇ. ಹಳ್ಳಿಗೆಂದೇ ಸಿ-ಡಾಟ್ ಸಂಸ್ಥೆ ತಯಾರಿಸಿದ 128 ಲೈನಿನ ಸಣ್ಣ ಟೆಲಿಫೋನ್ ಎಕ್ಸ್‌ಚೇಂಜ್ ಮೊದಲು ಕೂತದ್ದು ನಮ್ಮದೇ ಕಿತ್ತೂರಿನಲ್ಲಿ, 1986ರಲ್ಲಿ. ಆಮೇಲೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್‌ಗಳು. ಹುಮನಾಬಾದಿನ ವ್ಯಾಪಾರಿ ಸೊಲ್ಲಾಪುರದ, ಹೈದರಾಬಾದಿನ ದರ ಕೇಳಲು ಬಸ್ ಹತ್ತುವುದು ತಪ್ಪಿತು. 1998ರಲ್ಲಿ ಬರಹ, ಅದರ ಬೆನ್ನಿಗೆ ನುಡಿ ತಂತ್ರಾಂಶ ಬಂದು ಕಂಪ್ಯೂಟರಿನಲ್ಲಿ ಕನ್ನಡ ಟೈಪಿಸುವುದು ಸುಲಭವಾಯಿತು. 2016ರ ಏಪ್ರಿಲ್‌ನಲ್ಲಿ ಯುಪಿಐ, ಅದೇ ವರ್ಷ ನವೆಂಬರ್ 8ಕ್ಕೆ ನೋಟು ರದ್ದು, 2017ರ ಜುಲೈ 1ಕ್ಕೆ ಜಿಎಸ್‌ಟಿ, 2018ರ ಜನವರಿಯಲ್ಲಿ ವಾಟ್ಸಾಪ್ ಬಿಸಿನೆಸ್.

ಯುಪಿಐ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. 2025ರ ಜುಲೈನಲ್ಲಿ ಏನಾಯಿತು ನೆನಪಿರಬಹುದು. ಯುಪಿಐಗೆ ಬಂದ ಹಣ ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಹಾಲು, ತರಕಾರಿ ಮಾರುವವರಿಗೂ ನೋಟಿಸ್ ಹೋದವು. ಬೆಂಗಳೂರಿನ ಎಷ್ಟೋ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು "ನಗದು ಮಾತ್ರ" ಎಂದು ಬರೆದು ಹಾಕಿದರು. ಗದ್ದಲ ಮುಖ್ಯಮಂತ್ರಿಗಳ ಮುಂದೆ ಹೋಯಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಯವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಎಂಬುದು ಎಷ್ಟೋ ಜನರಿಗೆ ಆಗಲೇ ಗೊತ್ತಾದದ್ದು. ಮನೆಯವರು ಕಳಿಸಿದ ರೊಕ್ಕ, ಸಾಲ ತೀರಿಸಿದ್ದು, ವ್ಯಾಪಾರದ್ದು ಎಲ್ಲ ಒಂದೇ ಖಾತೆಗೆ ಬಂದಿದ್ದರೆ ಯಾವುದು ಯಾವುದು ಎಂದು ಬಿಡಿಸಿ ತೋರಿಸುವುದೇ ದೊಡ್ಡ ಕೆಲಸ. ಮತ್ತೆ ಅದೇ ಪ್ರಶ್ನೆ: ಯಾವ ಸಿಕ್ಕಾ ಎಂದು ಬರೆದಿಟ್ಟಿದ್ದೀರಾ?

ಈಗಿನ ಹೊಸ ಮುನೀಮ

ಚಾಟ್‌ಜಿಪಿಟಿ ಹೊರಬಂದದ್ದು 2022ರ ನವೆಂಬರ್ 30ಕ್ಕೆ. ಅದೇ ವರ್ಷ ಜುಲೈನಲ್ಲಿ ಕೇಂದ್ರ ಸರ್ಕಾರ ಭಾರತದ ಭಾಷೆಗಳ ಅನುವಾದಕ್ಕೆಂದು ‘ಭಾಷಿಣಿ’ ಶುರು ಮಾಡಿತ್ತು. 2024ರ ಹೊತ್ತಿಗೆ ವಾಟ್ಸಾಪ್ ಒಳಗೇ ನೀಲಿ ಬಳೆಯಂಥ ಗುರುತು ಬಂತು. ನಿಮ್ಮ ಫೋನಿನಲ್ಲೂ ಇರಬಹುದು, ಅದು ಮೆಟಾ ಎಐ. ಜೆಮಿನಿಯೂ ಹಾಗೆಯೇ. ಇವುಗಳನ್ನು ಮೊದಮೊದಲು ಬಳಸಲು ರೊಕ್ಕ ಕೊಡಬೇಕಾಗಿಲ್ಲ.

ಇದನ್ನು ಹೊಸ ಮುನೀಮ ಅಂದುಕೊಳ್ಳಿ. ನಾಲ್ಕೂ ಭಾಷೆ ಬರುತ್ತದೆ, ಬೇಸರ ಇಲ್ಲ, ರಾತ್ರಿ ಹನ್ನೊಂದಕ್ಕೆ ಕೇಳಿದರೂ ಉತ್ತರ. ಒಂದೇ ಗುಣ ಕೆಟ್ಟದ್ದು: ಗೊತ್ತಿಲ್ಲದಿದ್ದರೂ ಗೊತ್ತಿದ್ದವರ ಹಾಗೆ ಹೇಳುತ್ತದೆ, ಮುಖದಲ್ಲಿ ಅಳುಕಿಲ್ಲ.

ಹಾಗಾಗಿ ಆಟೋನಗರದ ಹಿರಿಯರಿಗೆ ನಾವು ಮೊದಲು ಹೇಳಿದ್ದು: ನಿಮಗೆ ಉತ್ತರ ಗೊತ್ತಿರುವುದನ್ನೇ ಕೇಳಿ ನೋಡ್ರಿ. ಹೊಸ ಆಳನ್ನು ಇಟ್ಟುಕೊಳ್ಳುವಾಗ ಮೊದಲ ದಿನವೇ ಗಲ್ಲಾ ಕೊಡುತ್ತೇವೇನು? 1950ರ ಲೆಕ್ಕದಲ್ಲಿ 100 ಹಾಲಿ ಸಿಕ್ಕಾಕ್ಕೆ ಭಾರತದ ರೂಪಾಯಿ ಎಷ್ಟು ಎಂದು ಅವರ ಫೋನಿನಲ್ಲೇ ಕೇಳಿದೆವು. ಆ ಆ್ಯಪ್ ನೂರಕ್ಕೆ ನೂರು ಎಂದಿತು. ಏಳಕ್ಕೆ ಆರು ಎಂದು ನಾವು ತಿಳಿಸಿದ ಮೇಲೆ ಕ್ಷಮೆ ಕೇಳಿ ಸರಿ ಲೆಕ್ಕ ಕೊಟ್ಟಿತು. ಹಿರಿಯರು ಜೋರಾಗಿ ನಕ್ಕರು. ಅಂಜಿಕೆ ಅರ್ಧ ಹೋಯಿತು ಎಂದು ನಮಗೆ ಅನಿಸಿತು.

ಎರಡನೆಯದು, ತಪ್ಪಾದರೂ ರೊಕ್ಕ ಹೋಗದ ಕೆಲಸ ಕೊಡಿ. ಸಸ್ತಾಪುರ ಬಂಗ್ಲಾದ ಹೆದ್ದಾರಿ ಕಡೆಯಿಂದ ಬರುವ ಲಾರಿಯವರು ಹೈದರಾಬಾದಿನಿಂದ, ಸೊಲ್ಲಾಪುರದಿಂದ ತೆಲುಗು, ಮರಾಠಿಯಲ್ಲಿ ಮೆಸೇಜ್ ಹಾಕುತ್ತಾರೆ. ಅದನ್ನು ಕನ್ನಡಕ್ಕೆ ತಿರುಗಿಸಿಕೊಳ್ಳಿ, ಉತ್ತರವನ್ನೂ ಅವರ ಭಾಷೆಯಲ್ಲಿ ಬರೆಸಿ. ಬಂದ ಇಂಗ್ಲಿಷ್ ನೋಟಿಸಿನ ಅರ್ಥ ಕೇಳಿ. ಬ್ಯಾಂಕಿಗೆ ಅರ್ಜಿ ಬರೆಸಿ. ಹುಮನಾಬಾದಿನಲ್ಲಿ ಜನವರಿಯ ವೀರಭದ್ರೇಶ್ವರ ಜಾತ್ರೆಗೆ ಮಿಠಾಯಿ ಅಂಗಡಿ ಹಾಕುವವರು ಗಿರಾಕಿಗಳಿಗೆ ಕಳಿಸುವ ನಾಲ್ಕು ಸಾಲು ಬರೆಸಿಕೊಳ್ಳಬಹುದು. ಆದರೆ ಎಐ ತಯಾರಿಸಿದ ಜಿಲೇಬಿಯ ಚಿತ್ರ ಹಾಕಬೇಡಿ, ನಿಮ್ಮ ಜಿಲೇಬಿಯ ಫೋಟೋನೇ ಹಾಕಿ. ಗಿರಾಕಿ ಬಂದು ನೋಡುವುದು ಅದನ್ನೇ.

ಉದ್ರಿ ಪುಸ್ತಕದ ಫೋಟೋ ತೆಗೆದು ಒಟ್ಟು ಎಷ್ಟು ಎಂದು ಕೇಳಬಹುದು, ಓದುತ್ತದೆ. ಕೈಬರಹದ 1 ಮತ್ತು 9, 3 ಮತ್ತು 2 ಅದಲು ಬದಲಾದೀತು, ಒಮ್ಮೆ ನೀವೇ ಕೂಡಿಸಿ ನೋಡಿ. ಫೋಟೋ ತೆಗೆಯುವ ಮೊದಲು ಗಿರಾಕಿಯ ಹೆಸರು, ಫೋನ್ ನಂಬರ್ ಮೇಲೆ ಕಾಗದ ಮುಚ್ಚಿ. ಅವರು ನಿಮ್ಮನ್ನು ನಂಬಿ ಉದ್ರಿ ಹೇಳಿದ್ದಾರೆ, ಯಾವುದೋ ಕಂಪನಿಯನ್ನು ನಂಬಿ ಅಲ್ಲ. ಆಧಾರ್, ಪ್ಯಾನ್, ಒಟಿಪಿ, ಪಾಸ್‌ಬುಕ್ ಯಾವುದನ್ನೂ ಹಾಕಬೇಡಿ. ಎಐ ಹೆಸರು ಹೇಳಿಕೊಂಡು ಬರುವ ಎಪಿಕೆ ಫೈಲ್ ಒತ್ತಬೇಡಿ, ಪ್ಲೇಸ್ಟೋರಿನಿಂದಲೇ ಇಳಿಸಿಕೊಳ್ಳಿ. ತೆರಿಗೆ ಕಟ್ಟಬೇಕೋ ಬೇಡವೋ ಎಂಬ ಕೊನೆ ಮಾತನ್ನು ನಿಮ್ಮ ಅಕೌಂಟೆಂಟ್ ಬಾಯಿಂದಲೇ ಕೇಳಿ. ಅವರ ಹತ್ತಿರ ಏನು ಕೇಳಬೇಕು ಎಂಬ ಪ್ರಶ್ನೆಗಳ ಪಟ್ಟಿಯನ್ನು ಬೇಕಾದರೆ ಎಐನಿಂದ ಮಾಡಿಸಿಕೊಂಡು ಹೋಗಿ.

ನಮ್ಮ ಮಾತು ಅದಕ್ಕೆ ತಿಳಿಯುತ್ತದೆಯೇ?

ಬರೆಯಲು ಬಾರದವರು ಮಾತಾಡಿಯೇ ಕೇಳಬಹುದು. ತೊಡಕು ಇಲ್ಲಿದೆ. ಯಂತ್ರ ಕಲಿಯುವುದು ಜನರ ದನಿಯ ರೆಕಾರ್ಡಿಂಗ್‌ಗಳಿಂದ. ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆ ದಕ್ಷಿಣ ಕರ್ನಾಟಕದ ಹಳ್ಳಿಗಳ ಜನರಿಂದ ಕನ್ನಡ ವಾಕ್ಯ ಓದಿಸಿ, ಗಂಟೆಗೆ ಸುಮಾರು 5 ಡಾಲರ್ ಲೆಕ್ಕದಲ್ಲಿ ಹಣ ಕೊಟ್ಟದ್ದು 2023ರಲ್ಲಿ ಹೊರದೇಶದ ಪತ್ರಿಕೆಗಳಲ್ಲೂ ಸುದ್ದಿಯಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಸೇರಿ ದೇಶದ ಜಿಲ್ಲೆ ಜಿಲ್ಲೆಯ ಮಾತು ದಾಖಲಿಸುವ ‘ವಾಣಿ’ ಯೋಜನೆ ನಡೆಸುತ್ತಿದೆ. ಇದು ಒಳ್ಳೆಯ ಕೆಲಸ, ದನಿ ಕೊಟ್ಟವರಿಗೆ ಕೂಲಿ ಸಿಗುವುದಂತೂ ನ್ಯಾಯ.

ಆದರೆ "ನಾಕ್ ಕಿಲೋ ಬ್ಯಾಳಿ ಉದ್ರಿ ಬರಕೋರಿ, ಸೋಮವಾರ ಕೊಡ್ತೀನಂತ" ಎಂದು ನಮ್ಮ ಕಡೆಯವರು ಹೇಳಿದರೆ, ನಡುವೆ ಎರಡು ಮರಾಠಿ ಶಬ್ದ, ಒಂದು ದಖನಿ ಶಬ್ದ ಸೇರಿದ್ದರೆ, ಆ್ಯಪ್ ತಡವರಿಸುತ್ತದೆ. ಬ್ಯಾಳಿ ಬಾಳೆಯಾದದ್ದನ್ನು ನಾವೇ ನೋಡಿದ್ದೇವೆ. ಬಾಳೆಹಣ್ಣಿನ ಲೆಕ್ಕ ತೊಗರಿಬೇಳೆಗೆ ಬಿದ್ದರೆ ಏನಾಗುತ್ತದೆ ಎಂದು ಕಿರಾಣಿಯವರಿಗೆ ಹೇಳಬೇಕಾಗಿಲ್ಲ. ಸದ್ಯಕ್ಕೆ ಸಾವಕಾಶ, ಒಂದೊಂದೇ ವಾಕ್ಯ ಹೇಳಿ, ಅದು ಬರೆದುಕೊಂಡದ್ದನ್ನು ಓದಿ ನೋಡಿ ಕಳಿಸಿ. ಓದಲು ಬಾರದವರು ಮನೆಯ ಶಾಲೆ ಮಗುವನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ.

ಮೊನ್ನೆ ಮತ್ತೆ ಆಟೋನಗರಕ್ಕೆ ಹೋಗಿದ್ದೆವು. ಹಿರಿಯರು ಒಬ್ಬ ತೆಲುಗು ಡ್ರೈವರ್‌ಗೆ ಬ್ರೇಕ್ ಲೈನರ್ ದರ ಅವನ ಭಾಷೆಯಲ್ಲೇ ಬರೆಸಿ ಕಳಿಸಿದ್ದರು. ದರದ ಅಂಕಿ ಮಾತ್ರ ತಾವೇ ಕೈಯಿಂದ ಒತ್ತಿದ್ದರಂತೆ. "ಅದಕ್ಕ ಮಾತು ಬರ್ತದ್ರಿ, ರೇಟ್ ನನಗ ಬರ್ತದ" ಎಂದು ಹೇಳಿ, ಚಹಾ ತರಿಸಲು ಹುಡುಗನನ್ನು ಕೂಗಿದರು.